ಮೇಕಪ್ ಮೇಲೆ ಮಧ್ಯಾಹ್ನ ಮತ್ತೆ ಸನ್‌ಸ್ಕ್ರೀನ್ ಹಚ್ಚುವುದು ಹೇಗೆ?

ಪೀಣ್ಯ_ಸ್ಕೂಟಿ:

ಎಲ್ಲರಿಗೂ ನಮಸ್ಕಾರ. ನನ್ನದು ಗೃಹಸಾಲ ವಿಭಾಗದ ಕೆಲಸ. ಬೆಳಗ್ಗೆ ಆಫೀಸಿನಲ್ಲಿ ಮೀಟಿಂಗ್. ಆಮೇಲೆ ಗ್ರಾಹಕರ ಮನೆ, ಸೈಟು, ಸಬ್‌ರಿಜಿಸ್ಟ್ರಾರ್ ಕಚೇರಿ ಅಂತ ಸ್ಕೂಟಿಯಲ್ಲೇ ಓಡಾಟ. ಪೀಣ್ಯ, ರಾಜಾಜಿನಗರ, ಕೆಲವೊಮ್ಮೆ ನೆಲಮಂಗಲದವರೆಗೂ ಹೋಗಬೇಕು.

ಎರಡನೇ ಹೆರಿಗೆ ಆದಮೇಲೆ ಕೆನ್ನೆ ಮೇಲೆ ಬಂಗು ಬಂದಿದೆ. ಡಾಕ್ಟರು ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಹಚ್ಚಿ ಅಂದರು. ಬರೀ ಮುಖವಾದರೆ ಸರಿ. ನಾನು ಫೌಂಡೇಶನ್, ಕನ್ಸೀಲರ್, ಕಾಂಪ್ಯಾಕ್ಟ್ ಹಾಕಿರುತ್ತೇನೆ. ಅದರ ಮೇಲೆ ಕ್ರೀಮ್ ಉಜ್ಜಿದರೆ ಎಲ್ಲ ಕಲಸಿಹೋಗಿ ತೇಪೆ ತೇಪೆ ಕಾಣುತ್ತದೆ. ಮುಖ ತೊಳೆದು ಮೊದಲಿನಿಂದ ಶುರು ಮಾಡೋಣ ಅಂದರೆ ಜಾಗವೂ ಇಲ್ಲ, ಹೊತ್ತೂ ಇಲ್ಲ.

ಅಂಗಡಿಯಲ್ಲಿ ಪುಡಿ, ಸ್ಟಿಕ್, ಸ್ಪ್ರೇ, ಕುಶನ್ ಎಲ್ಲವೂ ಇವೆ. ದುಡ್ಡು ಹಾಕುವ ಮೊದಲು ಬಳಸಿದವರ ಮಾತು ಕೇಳಬೇಕು. ದಯವಿಟ್ಟು ಹೇಳಿ.

ಸೂರ್ಯಕಾಂತಿ_ಕಲಬುರಗಿ:

ಪುಡಿ ತೆಗೆದುಕೊಳ್ಳಿ. ಬ್ರಷ್ ಜೊತೆಗೇ ಬರುತ್ತದಲ್ವಾ, ಅದು. ಗಾಡಿ ನಿಲ್ಲಿಸಿ ಕನ್ನಡಿ ನೋಡಿಕೊಂಡು ನಾಲ್ಕು ಸಲ ಆಡಿಸಿದರೆ ಮುಗಿಯಿತು. ಮೂಗಿನ ಮೇಲಿನ ಎಣ್ಣೆ ಪಸೆಯೂ ಹೋಗುತ್ತದೆ, ಮೇಕಪ್ ಅಲ್ಲಾಡುವುದಿಲ್ಲ. ಡಬ್ಬಿ ಮೇಲೆ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನುವ ಅಂಕೆ) 50 ಅಂತಲೇ ಬರೆದಿದೆ. ನಮ್ಮ ಕಡೆ ಬಿಸಿಲಿಗೆ ಅದೇ ನನ್ನ ಜೊತೆಗಾರ.

ಲ್ಯಾಬ್_ಕೋಟು:

ಸೂರ್ಯಕಾಂತಿ ಅವರೇ, ಪುಡಿ ಬೇಡ ಅನ್ನುತ್ತಿಲ್ಲ. ಆದರೆ ಡಬ್ಬಿ ಮೇಲಿನ 50 ನಿಮ್ಮ ಮುಖದ ಮೇಲೆ 50 ಆಗಿರುವುದಿಲ್ಲ. ಕಾಸ್ಮೆಟಿಕ್ ತಯಾರಿಕೆಯಲ್ಲಿ ಕೆಲಸ ಮಾಡುತ್ತೇನೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎಸ್‌ಪಿಎಫ್ ಪರೀಕ್ಷೆ ಮಾಡುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚುತ್ತಾರೆ. ಮುಖ, ಕುತ್ತಿಗೆ ಲೆಕ್ಕ ಹಾಕಿದರೆ ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದಷ್ಟು ಕ್ರೀಮ್ ಬೇಕು. ಒಂದು ಗ್ರಾಮಿಗಿಂತ ತುಸು ಜಾಸ್ತಿ. ಅರ್ಧ ಹಚ್ಚಿದರೆ ರಕ್ಷಣೆ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ಈಗ ನೀವೇ ಹೇಳಿ, ಬ್ರಷ್‌ನಲ್ಲಿ ನಾಲ್ಕು ಸಲ ಆಡಿಸಿದರೆ ಒಂದು ಗ್ರಾಂ ಪುಡಿ ಮುಖಕ್ಕೆ ಹತ್ತುತ್ತದಾ? ಅಷ್ಟು ಹತ್ತಿದರೆ ಮೈದಾ ಮೆತ್ತಿದ ಹಾಗೆ ಕಾಣುತ್ತೀರಿ. ಅಮೆರಿಕದಲ್ಲಿ ಔಷಧಿ, ಸನ್‌ಸ್ಕ್ರೀನ್‌ಗಳನ್ನು ನೋಡಿಕೊಳ್ಳುವ ಎಫ್‌ಡಿಎ ಕೂಡ 2019ರ ಕರಡು ನಿಯಮದಲ್ಲಿ ಪುಡಿ ಸನ್‌ಸ್ಕ್ರೀನ್ ಬಗ್ಗೆ ಇನ್ನಷ್ಟು ಮಾಹಿತಿ ಬೇಕು ಎಂದು ಕೇಳಿತ್ತು.

ಎಸ್‌ಪಿಎಫ್ ಇರುವ ಫೌಂಡೇಶನ್‌ಗೂ ಇದೇ ಮಾತು. ಯಾರೂ ಅದನ್ನು ಎರಡು ಬೆರಳಿನಷ್ಟು ಹಚ್ಚುವುದಿಲ್ಲ. ಕೆಳಗೆ 30, ಮೇಲೆ 20, ಒಟ್ಟು 50 ಅಂತ ಕೂಡಿಸುವುದೂ ಆಗುವುದಿಲ್ಲ.

ಬೆಳಗ್ಗೆ ಸರಿಯಾಗಿ ಹಚ್ಚಿ, ಮಧ್ಯಾಹ್ನ ಪುಡಿ ಹಾಕಿದರೆ ಅದೊಂದು ಸಣ್ಣ ಸೇರ್ಪಡೆ. ಬೆಳಗ್ಗೆಯೇ ಕಡಿಮೆ ಹಚ್ಚಿದ್ದರೆ ಪುಡಿ ಅದನ್ನು ತುಂಬಿಕೊಡುವುದಿಲ್ಲ. ನಿಮ್ಮ ಟ್ಯೂಬನ್ನೇ ನೋಡಿ. 50 ಗ್ರಾಂ ಟ್ಯೂಬು ಸರಿಯಾಗಿ ಬಳಸಿದರೆ ಸುಮಾರು 40 ಸಲಕ್ಕೆ ಮುಗಿಯಬೇಕು. ದಿನಾ ಹಚ್ಚಿಯೂ ಮೂರು ತಿಂಗಳು ಬರುತ್ತಿದ್ದರೆ ಪ್ರಮಾಣ ಸಾಲುತ್ತಿಲ್ಲ ಎಂದೇ ಅರ್ಥ.

ಬಣ್ಣದಮನೆ_ಮೈಸೂರು:

ಪ್ರಮಾಣದ ಮಾತು ನೂರಕ್ಕೆ ನೂರು ನಿಜ. ನಾನು ಮೇಕಪ್ ಕಲಾವಿದೆ. ಮದುವೆ, ನೃತ್ಯ, ಶೂಟಿಂಗ್ ಎಲ್ಲಕ್ಕೂ ಮಾಡುತ್ತೇನೆ. ಮೇಕಪ್ ಕೆಡದ ಹಾಗೆ ಕ್ರೀಮ್ ಸನ್‌ಸ್ಕ್ರೀನನ್ನೇ ಮತ್ತೆ ಹಚ್ಚಬಹುದು. ಕೈಯಿಂದ ಉಜ್ಜಬಾರದು, ಅಷ್ಟೇ. ನಾನು ಮಾಡುವ ಕ್ರಮ ಹೇಳುತ್ತೇನೆ.

ಮೊದಲು ಎರಡು ನಿಮಿಷ ಫ್ಯಾನಿನ ಕೆಳಗೆ ಕೂರಿ. ಬೆವರು ಕಿತ್ತುಕೊಂಡು ಬರುತ್ತಿರುವಾಗ ಏನು ಹಚ್ಚಿದರೂ ನಿಲ್ಲುವುದಿಲ್ಲ. ಟಿಶ್ಯೂ ಕಾಗದವನ್ನು ಬಿಡಿಸಿ ಮುಖದ ಮೇಲಿಟ್ಟು ಮೆಲ್ಲಗೆ ಒತ್ತಿ ತೆಗೆಯಿರಿ. ಒರೆಸಬೇಡಿ. ಒರೆಸಿದರೆ ಬೆವರಿನ ಜೊತೆ ಫೌಂಡೇಶನ್ನೂ ಬರುತ್ತದೆ.

ಆಮೇಲೆ ಮೇಕಪ್ ಸ್ಪಂಜನ್ನು ನೀರಲ್ಲಿ ಅದ್ದಿ, ಒಂದು ಹನಿಯೂ ಬೀಳದಷ್ಟು ಹಿಂಡಿ. ಒಣ ಸ್ಪಂಜು ಬಳಸಿದರೆ ಅರ್ಧ ಸನ್‌ಸ್ಕ್ರೀನ್ ಅದರ ಹೊಟ್ಟೆಗೇ ಹೋಗುತ್ತದೆ. ತೆಳ್ಳಗಿನ, ಜೆಲ್ ಅಥವಾ ಹಾಲಿನಂಥ ಸನ್‌ಸ್ಕ್ರೀನ್ ಆರಿಸಿ. ಅಂಗೈ ಹಿಂಭಾಗದಲ್ಲಿ ಹಿಂಡಿಕೊಂಡು, ಸ್ಪಂಜಿನಿಂದ ಅದ್ದಿ, ಒಂದು ಕೆನ್ನೆ ಮುಗಿದಮೇಲೆ ಇನ್ನೊಂದು ಕೆನ್ನೆ. ಬಡಿದು ಬಡಿದು ಕೂರಿಸಬೇಕು, ಎಳೆಯಬಾರದು. ಮೊದಲ ಪದರ ಒಣಗಲಿ. ಒಂದೆರಡು ನಿಮಿಷ ಸಾಕು. ನಂತರ ಎರಡನೇ ಪದರ. ಒಂದೇ ಸಲ ದಪ್ಪಗೆ ಹಾಕಿದರೆ ಕೆಳಗಿನ ಫೌಂಡೇಶನ್ ಕರಗಿ ಕದಲುತ್ತದೆ. ತೆಳ್ಳಗೆ ಎರಡು ಮೂರು ಸಲ ಹಾಕಿದರೆ ಪ್ರಮಾಣವೂ ಸೇರುತ್ತದೆ, ಮೇಕಪ್ಪೂ ಉಳಿಯುತ್ತದೆ.

ಕೆನ್ನೆಯ ಮೂಳೆ, ಮೂಗು, ಹಣೆ, ಮೇಲ್ತುಟಿಯ ಮೇಲ್ಭಾಗ ಇವೆಲ್ಲ ಬಿಸಿಲಿಗೆ ಮುಂದೆ ಚಾಚಿಕೊಂಡಿರುವ ಜಾಗಗಳು. ಅಲ್ಲಿ ಇನ್ನೊಂದು ಪದರ ಹಾಕಿ. ಕಿವಿ, ಕುತ್ತಿಗೆ, ರವಿಕೆಯ ಹಿಂದಿನ ಕತ್ತಿನಲ್ಲಿ ಮೇಕಪ್ ಇರುವುದಿಲ್ಲ. ಅಲ್ಲಿ ಧಾರಾಳವಾಗಿ ಕೈಯಿಂದಲೇ ಹಚ್ಚಿ. ಕೊನೆಗೆ ಹೊಳಪು ಜಾಸ್ತಿ ಅನಿಸಿದರೆ ಮಾತ್ರ ಸ್ವಲ್ಪ ಕಾಂಪ್ಯಾಕ್ಟ್ ಒತ್ತಿ.

ಪೀಣ್ಯ_ಸ್ಕೂಟಿ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಮೂರು ಪ್ರಶ್ನೆ ಇವೆ. ಆಫೀಸಿನೊಳಗೆ ಕೂತಿರುವಾಗಲೂ ಎರಡು ಗಂಟೆಗೊಮ್ಮೆ ಹಚ್ಚಲೇಬೇಕಾ? ಹೆಲ್ಮೆಟ್ ತೆಗೆದಾಗ ಅದರ ಒಳಗಿನ ದಿಂಬಿಗೆ ಕೆನ್ನೆಯ ಬಣ್ಣವೆಲ್ಲ ಮೆತ್ತಿರುತ್ತದೆ, ಅಂದರೆ ಸನ್‌ಸ್ಕ್ರೀನ್ ಕೂಡ ಹೋಗಿರುತ್ತದಾ? ಮತ್ತೆ ಬಂಗಿಗೆ ಬೇರೆ ಏನಾದರೂ ನೋಡಿಕೊಳ್ಳಬೇಕಾ?

ಚರ್ಮ_ಪಿಜಿ:

ಚರ್ಮರೋಗ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಿದ್ದೇನೆ. ನಿಮ್ಮ ಡಾಕ್ಟರಿಗೆ ನಿಮ್ಮ ಮುಖ ಗೊತ್ತು, ನನಗೆ ಗೊತ್ತಿಲ್ಲ. ಹಾಗಾಗಿ ಅವರ ಮಾತೇ ಮೊದಲು. ಸಾಮಾನ್ಯವಾಗಿ ಹೇಳಬಹುದಾದದ್ದು ಇಷ್ಟು.

ಎರಡು ಗಂಟೆಯ ಲೆಕ್ಕ ಹೊರಗೆ ಬಿಸಿಲಲ್ಲಿ ಇರುವವರಿಗೆ. ಬೆವರು, ಉಜ್ಜುವಿಕೆ, ಎಣ್ಣೆ ಪಸೆ, ಬೆಳಕು ಇವು ಪದರವನ್ನು ಕೆಡಿಸುತ್ತವೆ. ಎಸಿ ರೂಮಿನಲ್ಲಿ ಕಿಟಕಿಯಿಂದ ದೂರ ಕೂತವರ ಮುಖದ ಮೇಲೆ ಅದು ಬಹಳ ಹೊತ್ತು ಉಳಿಯುತ್ತದೆ. ಆದ್ದರಿಂದ ಗಡಿಯಾರ ನೋಡಬೇಡಿ, ಬಾಗಿಲು ನೋಡಿ. ಬಿಸಿಲಿಗೆ ಹೊರಡುವ ಹದಿನೈದು ನಿಮಿಷ ಮೊದಲು ಹಚ್ಚುವುದು ನಿಮಗೆ ಹೆಚ್ಚು ಕೆಲಸಕ್ಕೆ ಬರುತ್ತದೆ. ಕಿಟಕಿ ಪಕ್ಕದ ಸೀಟಾಗಿದ್ದರೆ ಮಾತ್ರ ಎಚ್ಚರ. ಬಿಸಿಲಿನ ಅತಿನೇರಳೆ (ಯುವಿ) ಕಿರಣದಲ್ಲಿ ಮುಖ್ಯವಾಗಿ ಚರ್ಮ ಸುಡುವುದು ಯುವಿಬಿ, ಕಪ್ಪಾಗಿಸುವುದು ಯುವಿಎ. ಗಾಜು ಯುವಿಬಿಯನ್ನು ಬಹುಪಾಲು ತಡೆಯುತ್ತದೆ, ಆದರೆ ಯುವಿಎ ಸಾಕಷ್ಟು ಒಳಗೆ ಬರುತ್ತದೆ. ಚರ್ಮ ಸುಡದಿದ್ದರೂ ಕಪ್ಪಾಗುವುದು ಅದರಿಂದಲೇ. ಪ್ಯಾಕೆಟ್ ಮೇಲಿನ ಪಿಎ ಪ್ಲಸ್‌ಗಳು ಯುವಿಎ ಬಗ್ಗೆ ಹೇಳುತ್ತವೆ. ಜಪಾನಿನವರ ಪದ್ಧತಿ ಅದು, ನಾಲ್ಕು ಪ್ಲಸ್ ಇದ್ದರೆ ಒಳ್ಳೆಯದು.

ಬೆಂಗಳೂರು ತಂಪು ಊರು ಅಂತ ಬಿಸಿಲನ್ನು ಹಗುರವಾಗಿ ತೆಗೆದುಕೊಳ್ಳುತ್ತೇವೆ. ಸೆಖೆಗೂ ಯುವಿಗೂ ನೇರ ಸಂಬಂಧ ಇಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ, ಸಮಭಾಜಕ ರೇಖೆಗೂ ಹತ್ತಿರ. ಮಾರ್ಚ್, ಏಪ್ರಿಲ್ ಮಧ್ಯಾಹ್ನಗಳಲ್ಲಿ ಇಲ್ಲಿ ಯುವಿ ಸೂಚ್ಯಂಕ, ಅಂದರೆ ಆ ಕಿರಣದ ತೀವ್ರತೆಯ ಅಳತೆ, 11 ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತಿ ತೀವ್ರ ಎಂದು ಕರೆಯುತ್ತದೆ. 3 ಮುಟ್ಟಿದರೇ ರಕ್ಷಣೆ ಬೇಕು ಎನ್ನುತ್ತದೆ. ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂ ಕಾಲರ ಆಸುಪಾಸು. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವಷ್ಟು ಹೊತ್ತು ಕಿರಣ ಜೋರಾಗಿರುತ್ತದೆ. ಸಂಜೆ ಐದರ ಮೇಲೆ ಮನೆಗೆ ಹೊರಡುವುದಾದರೆ ಮತ್ತೆ ಹಚ್ಚುವ ಅಗತ್ಯ ಅಷ್ಟಿಲ್ಲ. ಒಂದು ಗಂಟೆಗೆ ಸೈಟಿಗೆ ಹೊರಡುವಾಗ ತಪ್ಪಿಸಲೇಬೇಡಿ.

ಹೆಲ್ಮೆಟ್ ದಿಂಬಿಗೆ ಮೆತ್ತಿದ್ದು ಸನ್‌ಸ್ಕ್ರೀನೂ ಹೌದು. ಹೆಲ್ಮೆಟ್ ಮುಂದಿನ ಪಾಲಿಕಾರ್ಬೊನೇಟ್ ಪರದೆ (ವೈಸರ್) ಯುವಿಯನ್ನು ಬಹಳ ಚೆನ್ನಾಗಿ ತಡೆಯುತ್ತದೆ, ಗಾಡಿ ಓಡಿಸುವಾಗ ಅದನ್ನು ಕೆಳಗೆ ಇಳಿಸಿಕೊಂಡಿರಿ. ತೊಂದರೆ ಇರುವುದು ಹೆಲ್ಮೆಟ್ ತೆಗೆದು ಸೈಟಿನಲ್ಲಿ ಅರ್ಧ ಗಂಟೆ ನಿಂತಾಗ. ಆಗ ಕೆನ್ನೆ ಬರಿದಾಗಿರುತ್ತದೆ. ಬಂಗು ಇರುವುದೂ ಅಲ್ಲೇ.

ಇನ್ನು ಬಂಗು. ನಮ್ಮಂಥ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮಕ್ಕೆ ಯುವಿ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಕಲೆಯನ್ನು ಗಾಢ ಮಾಡುತ್ತದೆ. ಮುಖದ ಮೇಲೆ ಬೆಳ್ಳಗೆ ಕಾಣದ ಮಾಮೂಲಿ ಸನ್‌ಸ್ಕ್ರೀನ್ ಈ ಬೆಳಕನ್ನು ತಡೆಯುವುದಿಲ್ಲ. ಅದನ್ನು ತಡೆಯುವುದು ಐರನ್ ಆಕ್ಸೈಡ್, ಅಂದರೆ ಫೌಂಡೇಶನ್, ಕಾಂಪ್ಯಾಕ್ಟ್‌ಗಳಿಗೆ ಚರ್ಮದ ಬಣ್ಣ ಕೊಡುವ ಅದೇ ಕೆಂಪು, ಹಳದಿ, ಕಪ್ಪು ಪುಡಿಗಳು. ಹಾಗಾಗಿ ಬಂಗು ಇರುವವರಿಗೆ ಮೇಕಪ್ ಶತ್ರುವಲ್ಲ. ಮಧ್ಯಾಹ್ನ ಸನ್‌ಸ್ಕ್ರೀನ್ ಹಚ್ಚಿ ಅದರ ಮೇಲೆ ಬಣ್ಣದ ಕಾಂಪ್ಯಾಕ್ಟ್ ಒತ್ತಿದರೆ ಎರಡೂ ಕೆಲಸ ಆಗುತ್ತದೆ. ಬಣ್ಣವಿರುವ ಸನ್‌ಸ್ಕ್ರೀನ್ ಸಿಕ್ಕರೆ ಇನ್ನೂ ಒಳ್ಳೆಯದು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬಂಗಿಗೆ ಅಂತ ಔಷಧಿ ಅಂಗಡಿಯಲ್ಲಿ ಕೈಗೆ ಸಿಗುವ ಮಿಶ್ರಣದ ಕ್ರೀಮ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಹಚ್ಚಬೇಡಿ. ಸ್ಟಿರಾಯ್ಡ್ ಇರುವಂಥವು ಮೊದಲು ಬೆಳ್ಳಗೆ ಮಾಡಿದಂತೆ ಕಂಡು, ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಕೂದಲು ಬೆಳೆಯುವವರೆಗೂ ಹೋಗುತ್ತದೆ. ಓಪಿಡಿಯಲ್ಲಿ ಇಂಥ ಮುಖಗಳನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಮೈಕ್_ಹಿಡಿದವ:

ಟಿವಿ ವರದಿಗಾರ. ಗಂಡಸರೂ ಮೇಕಪ್ ಹಾಕುತ್ತೇವೆ, ಫ್ರೀಡಂ ಪಾರ್ಕ್ ಧರಣಿ ಎದುರು ಮಧ್ಯಾಹ್ನ ಎರಡಕ್ಕೆ ಲೈವ್ ಕೊಡುವವರ ಕಷ್ಟ ನಮಗೇ ಗೊತ್ತು. ಒಂದು ಲೈವ್‌ಗೂ ಇನ್ನೊಂದಕ್ಕೂ ನಡುವೆ ಸಿಗುವ ಹತ್ತು ನಿಮಿಷದಲ್ಲಿ ಸ್ಪಂಜು ಹಿಂಡಿ ಕೂರಲು ಆಗುವುದಿಲ್ಲ. ನನಗೆ ಕುಶನ್ ಒಗ್ಗಿದೆ. ಸ್ಪಂಜಿನಲ್ಲಿ ದ್ರವ ನೆನೆದಿರುತ್ತದೆ, ಪಫ್ ಒತ್ತಿ ಮುಖಕ್ಕೆ ಒತ್ತುವುದು. ಕೊರಿಯಾದ ಅಮೋರ್‌ಪೆಸಿಫಿಕ್ ಕಂಪನಿ 2008ರಲ್ಲಿ ತಂದ ಐಡಿಯಾ ಇದು. ನಮ್ಮ ಬಣ್ಣಕ್ಕೆ ಹೊಂದುವ ಶೇಡ್ ಹುಡುಕುವುದೇ ಕಷ್ಟ. ತಿಳಿ ಬಣ್ಣದ್ದು ಹಾಕಿದರೆ ಕ್ಯಾಮೆರಾದಲ್ಲಿ ಮುಖ ಬೂದು ಬೂದು ಕಾಣುತ್ತದೆ.

ಲ್ಯಾಬ್_ಕೋಟು:

ಕುಶನ್ ಒಳ್ಳೆಯ ದಾರಿ, ಅದರಲ್ಲೂ ಐರನ್ ಆಕ್ಸೈಡ್ ಇರುವುದರಿಂದ. ಆದರೆ ಒಂದು ಸಲ ಒತ್ತಿ ಬಿಟ್ಟರೆ ಅದೂ ಕಡಿಮೆಯೇ. ಒಂದೇ ಜಾಗಕ್ಕೆ ಎರಡು ಮೂರು ಸಲ ಒತ್ತಿ.

ಸ್ಟಿಕ್ ಬಗ್ಗೆ ಯಾರೂ ಹೇಳಲಿಲ್ಲ. ಮೂಗು, ಕೆನ್ನೆಯ ಮೂಳೆ, ಕಿವಿಗೆ ಸ್ಟಿಕ್ ಚೆನ್ನಾಗಿದೆ. ನೇರವಾಗಿ ಎಳೆದರೆ ಫೌಂಡೇಶನ್ ಗೆರೆ ಗೆರೆಯಾಗಿ ಕಿತ್ತುಬರುತ್ತದೆ. ಮೊದಲು ಬೆರಳಿಗೋ ಸ್ಪಂಜಿಗೋ ತಿಕ್ಕಿಕೊಂಡು ಆಮೇಲೆ ಮುಖಕ್ಕೆ ಒತ್ತಬೇಕು. ಬರೀ ಚರ್ಮದ ಮೇಲಾದರೆ ಒಂದೇ ಜಾಗದಲ್ಲಿ ನಾಲ್ಕು ಸಲ ಹಿಂದೆ ಮುಂದೆ ಎಳೆಯಿರಿ.

ಸ್ಪ್ರೇ ನನಗೆ ಸಮಾಧಾನ ಇಲ್ಲ. ಸ್ಪ್ರೇ ಸನ್‌ಸ್ಕ್ರೀನ್ ಕೆಲಸ ಮಾಡಬೇಕಾದರೆ ಚರ್ಮ ಒದ್ದೆಯಾಗುವಷ್ಟು ಹೊಡೆದು ಕೈಯಿಂದ ಸವರಬೇಕು. ಮೇಕಪ್ ಮೇಲೆ ಸವರಲು ಆಗುವುದಿಲ್ಲ. ಸವರದೆ ಬಿಟ್ಟರೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ, ನಡುವೆ ಖಾಲಿ. ಮುಖಕ್ಕೆ ನೇರ ಹೊಡೆದರೆ ಮೂಗು, ಬಾಯಿಗೂ ಹೋಗುತ್ತದೆ. ತುಂಬಾ ಸ್ಪ್ರೇಗಳಿಗೆ ಬೆಂಕಿಯೂ ಬೇಗ ಹತ್ತುತ್ತದೆ, ದೇವರ ದೀಪ, ಗ್ಯಾಸ್ ಒಲೆ ಹತ್ತಿರ ಬೇಡ.

ಉಳ್ಳಾಲ_ಕಡಲು:

ನಮ್ಮ ಮಂಗಳೂರು ಕಡೆ ಸೆಖೆಗೆ ಫೌಂಡೇಶನ್ ಹನ್ನೊಂದು ಗಂಟೆಗೇ ಇಳಿದಿರುತ್ತದೆ. ನಾನು ಅದನ್ನು ಬಿಟ್ಟೇಬಿಟ್ಟೆ. ಬಣ್ಣವಿರುವ ಸನ್‌ಸ್ಕ್ರೀನನ್ನೇ ಎರಡು ಬೆರಳಿನಷ್ಟು ಹಚ್ಚುತ್ತೇನೆ. ಕಲೆ ಇರುವಲ್ಲಿ ಮಾತ್ರ ಕನ್ಸೀಲರ್. ಹುಬ್ಬು, ಕಾಡಿಗೆ, ಲಿಪ್‌ಸ್ಟಿಕ್. ಮಧ್ಯಾಹ್ನ ಬೆವರು ಒತ್ತಿ ತೆಗೆದು ಅದೇ ಟ್ಯೂಬಿನಿಂದ ಮತ್ತೆ ಹಚ್ಚುತ್ತೇನೆ. ಕೆಳಗೂ ಅದೇ, ಮೇಲೂ ಅದೇ, ಕಲಸಿಹೋಗಲು ಏನಿದೆ? ಆಫೀಸಿನಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಿಲ್ಲ.

ಬೆವರುವವರು ನೀರು ತಡೆಯುವಂಥದ್ದನ್ನೇ ಕೊಳ್ಳಿ. ಕೆಲವು ಪ್ಯಾಕೆಟ್ ಮೇಲೆ 40 ನಿಮಿಷ, 80 ನಿಮಿಷ ಅಂತ ಬರೆದಿರುತ್ತದೆ. ನೀರಲ್ಲಿ, ಬೆವರಲ್ಲಿ ಅಷ್ಟು ಹೊತ್ತು ನಿಲ್ಲುತ್ತದೆ ಎಂದು ಅದರ ಅರ್ಥ.

ಬಣ್ಣದಮನೆ_ಮೈಸೂರು:

ಉಳ್ಳಾಲದವರು ಹೇಳಿದ್ದು ಈ ಇಡೀ ಚರ್ಚೆಯಲ್ಲಿ ನನಗೆ ಅತಿ ಇಷ್ಟವಾದ ಮಾತು. ಮಧ್ಯಾಹ್ನದ ತೊಂದರೆಗೆ ಪರಿಹಾರ ಬೆಳಗ್ಗೆಯೇ ಇದೆ. ಮತ್ತೆ ಹಚ್ಚಬೇಕು ಎಂದು ಮೊದಲೇ ಗೊತ್ತಿದ್ದರೆ, ಮತ್ತೆ ಹಚ್ಚಲು ಬರುವಂಥ ಮೇಕಪ್ಪನ್ನೇ ಹಾಕಬೇಕು. ಮ್ಯಾಟ್ ಫೌಂಡೇಶನ್ ಮೇಲೆ ಕನ್ಸೀಲರ್, ಅದರ ಮೇಲೆ ಒತ್ತಾಗಿ ಪುಡಿ, ಅದರ ಮೇಲೆ ಸೆಟ್ಟಿಂಗ್ ಸ್ಪ್ರೇ ಹಾಕಿಬಿಟ್ಟರೆ ಮಧ್ಯಾಹ್ನ ಕ್ರೀಮ್ ಕೂರಲು ಜಾಗವೇ ಇರುವುದಿಲ್ಲ. ಪುಡಿ ಒದ್ದೆಯಾಗಿ ಉಂಡೆ ಉಂಡೆಯಾಗಿ ಏಳುತ್ತದೆ. ಬೆಳಗ್ಗೆ ಪುಡಿ ಆದಷ್ಟು ಕಡಿಮೆ ಇರಲಿ. ಸನ್‌ಸ್ಕ್ರೀನ್ ಹಚ್ಚಿ ಹತ್ತು ಹದಿನೈದು ನಿಮಿಷ ಬಿಟ್ಟು ಫೌಂಡೇಶನ್‌ಗೆ ಕೈ ಹಾಕಿ. ಅಷ್ಟರಲ್ಲಿ ತಿಂಡಿ ಮುಗಿಸಬಹುದು.

ಹೀಗೆ ಮಾಡಲು ಆಗದವರೂ ಇದ್ದಾರೆ. ದಸರೆ ಜಂಬೂಸವಾರಿಗೆ ಬರುವ ಕಲಾತಂಡಗಳಲ್ಲಿ ಪ್ಯಾನ್‌ಕೇಕ್ ಎಂಬ ದಪ್ಪ ವೇದಿಕೆ ಬಣ್ಣ ಹಾಕಿಕೊಂಡವರು ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ಕುಣಿದುಕೊಂಡು ಹೋಗುತ್ತಾರೆ. ಅವರ ಮುಖ ಮುಟ್ಟುವ ಹಾಗೇ ಇಲ್ಲ. ಅಂಥವರಿಗೆ ಬಣ್ಣದ ಕೆಳಗೆ ನೀರು ತಡೆಯುವ ಸನ್‌ಸ್ಕ್ರೀನ್ ಪೂರ್ತಿ ಪ್ರಮಾಣದಲ್ಲಿ ಹಚ್ಚಿ, ಸರತಿ ಬರುವವರೆಗೆ ನೆರಳಲ್ಲಿ ಕೂರಿಸುವುದೇ ದಾರಿ. ತಂಡದ ಜೊತೆ ಹೋಗುವವರು ನಾಲ್ಕು ಕೊಡೆ ಹಿಡಿದುಕೊಂಡು ಹೋದರೆ ಎಷ್ಟು ಉಪಕಾರ! ಚಿಕ್ಕ ಮಕ್ಕಳು ಬಣ್ಣ ಹಚ್ಚಿಕೊಂಡು ಬಿಸಿಲಲ್ಲಿ ಕಾಯುವುದನ್ನು ನೋಡಿದರೆ ಸಂಕಟ ಆಗುತ್ತದೆ.

ಮೆಲ್ಬರ್ನ್_ಮಂಡ್ಯ:

ಇಲ್ಲಿಂದ ಒಂದು ಸುದ್ದಿ. ಆಸ್ಟ್ರೇಲಿಯಾದಲ್ಲಿ ಸನ್‌ಸ್ಕ್ರೀನ್‌ಗಳನ್ನು ನೋಡಿಕೊಳ್ಳುವುದು ಔಷಧಿಗಳನ್ನು ನೋಡಿಕೊಳ್ಳುವ ಟಿಜಿಎ. ಎಸ್‌ಪಿಎಫ್ ಇರುವ ಫೌಂಡೇಶನ್‌ನಂಥ ಮೇಕಪ್ ಸಾಮಾನು ಕಾಸ್ಮೆಟಿಕ್ ಲೆಕ್ಕಕ್ಕೆ ಹೋಗುತ್ತದೆ. ಎರಡೂ ಒಂದೇ ಅಲ್ಲ ಎಂದು ಇಲ್ಲಿನ ನಿಯಮವೇ ಬೇರೆ ಮಾಡಿ ಇಟ್ಟಿದೆ. ನಮ್ಮ ದೇಶದಲ್ಲಿ ಸನ್‌ಸ್ಕ್ರೀನ್ ಕೂಡ ಕಾಸ್ಮೆಟಿಕ್ ಅಲ್ವಾ, ಅದಕ್ಕೇ ಗೊಂದಲ ಜಾಸ್ತಿ.

ಇಲ್ಲಿ 1981ರಿಂದ ಮಕ್ಕಳಿಗೂ ಹೇಳಿಕೊಡುವುದು ಅಂಗಿ, ಸನ್‌ಸ್ಕ್ರೀನ್, ಟೋಪಿ ಮೂರನ್ನೂ. ಆಮೇಲೆ ನೆರಳು, ಕಪ್ಪು ಕನ್ನಡಕ ಎರಡನ್ನು ಸೇರಿಸಿದರು. ಐದರಲ್ಲಿ ಕ್ರೀಮ್ ಒಂದೇ ಒಂದು. ನಾವು ಅದೊಂದನ್ನೇ ಹಿಡಿದುಕೊಂಡು ಒದ್ದಾಡುತ್ತೇವೆ.

ಸೂರ್ಯಕಾಂತಿ_ಕಲಬುರಗಿ:

ನೆರಳು, ಬಟ್ಟೆ ಮಾತು ಬಂತಲ್ಲ, ಅದಕ್ಕೆ ನಮ್ಮ ಕಲಬುರಗಿ ಹೆಣ್ಣುಮಕ್ಕಳನ್ನು ನೋಡಿ. ಕಣ್ಣು ಬಿಟ್ಟು ಮುಖವೆಲ್ಲ ದುಪಟ್ಟಾ ಸುತ್ತಿಕೊಂಡೇ ಗಾಡಿ ಹತ್ತುತ್ತಾರೆ. ಒತ್ತಾಗಿ ನೇಯ್ದ ಹತ್ತಿ ಬಟ್ಟೆ ಆಗಬೇಕು, ಜಾಳು ಜಾಳಾದ ಶಿಫಾನ್‌ನಿಂದ ಉಪಯೋಗ ಇಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆ ಕಡೆ ಕಾಣಿಸಿದರೆ ಬಿಸಿಲೂ ಬರುತ್ತದೆ.

ಪುಡಿ ನಾನು ಬಿಡುವುದಿಲ್ಲ, ಲ್ಯಾಬ್‌ನವರೇ. ಆದರೆ ಇನ್ನು ಮುಂದೆ ಕ್ರೀಮ್ ಹಚ್ಚಿದ ಮೇಲೆ ಹೊಳಪು ಇಳಿಸಲು ಬಳಸುತ್ತೇನೆ. ನಿಮ್ಮ ಟ್ಯೂಬಿನ ಲೆಕ್ಕ ನಮ್ಮ ಮನೆಯಲ್ಲಿ ಎಲ್ಲರಿಗೂ ಹೇಳಿದೆ.

ಒಂದು ಸಂಶಯ. ಸನ್‌ಸ್ಕ್ರೀನ್ ಗಾಡಿಯ ಡಿಕ್ಕಿಯಲ್ಲೇ ಇಟ್ಟಿರುತ್ತೇನೆ. ನಮ್ಮ ಬೇಸಿಗೆಗೆ ಸರಿಯಾ?

ಲ್ಯಾಬ್_ಕೋಟು:

ಖಂಡಿತ ಬೇಡ. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್ ಎರಡೂ ಸನ್‌ಸ್ಕ್ರೀನ್ ಇಡುವ ಜಾಗವಲ್ಲ. ಬಿಸಿಗೆ ನೀರು, ಎಣ್ಣೆ ಬೇರೆಯಾಗುತ್ತವೆ. ಹಿಂಡಿದಾಗ ಮೊದಲು ನೀರು ಬಂದು ಆಮೇಲೆ ಗಟ್ಟಿ ಬಂದರೆ ಅದನ್ನು ಎಸೆಯಿರಿ. ಅಲುಗಾಡಿಸಿ ಬಳಸಿ ಎಂದು ಬರೆದಿರುವ ಬಾಟಲಿಗಳ ಮಾತು ಬೇರೆ. ಸ್ಟಿಕ್ ಅಂತೂ ಕರಗಿ ಮುಚ್ಚಳಕ್ಕೆ ಮೆತ್ತಿಕೊಳ್ಳುತ್ತದೆ. ಕೈಚೀಲದಲ್ಲಿ, ನೀರಿನ ಬಾಟಲಿ ಪಕ್ಕದಲ್ಲಿ ಇಟ್ಟುಕೊಳ್ಳಿ.

ಪೀಣ್ಯ_ಸ್ಕೂಟಿ:

ನನ್ನ ಲೆಕ್ಕ ಹೀಗೆ ಮಾಡಿಕೊಂಡಿದ್ದೇನೆ, ಸರಿ ಇದೆಯಾ ನೋಡಿ. ಬೆಳಗ್ಗೆ ಬಣ್ಣದ ಸನ್‌ಸ್ಕ್ರೀನ್ ಎರಡು ಬೆರಳು, ಬಂಗಿನ ಮೇಲೆ ಮಾತ್ರ ಕನ್ಸೀಲರ್, ಫೌಂಡೇಶನ್ ಇಲ್ಲ. ಹತ್ತಿ ಸ್ಕಾರ್ಫ್ ಕಟ್ಟಿ ಅದರ ಮೇಲೆ ಹೆಲ್ಮೆಟ್. ಊಟ ಆದಮೇಲೆ, ಸೈಟಿಗೆ ಹೊರಡುವ ಮೊದಲು ಆಫೀಸಿನಲ್ಲೇ ಸ್ಪಂಜಿನಿಂದ ಎರಡು ಪದರ. ಸೈಟಿನಲ್ಲಿ ಹೆಲ್ಮೆಟ್ ತೆಗೆದ ಕೂಡಲೇ ಕೆನ್ನೆಗೆ ಕುಶನ್. ಬ್ಯಾಗಿನಲ್ಲಿ ಮಡಚುವ ಕೊಡೆ.

ಚರ್ಮ_ಪಿಜಿ:

ತುಂಬಾ ಚೆನ್ನಾಗಿದೆ. ಸ್ಕಾರ್ಫ್‌ಗೂ ಸ್ವಲ್ಪ ಸನ್‌ಸ್ಕ್ರೀನ್ ಅಂಟುತ್ತದೆ, ಅದು ಪರವಾಗಿಲ್ಲ, ಅದನ್ನು ದಿನಾ ಒಗೆಯಬಹುದು. ಹೆಲ್ಮೆಟ್ ದಿಂಬನ್ನು ದಿನಾ ಒಗೆಯಲು ಆಗುವುದಿಲ್ಲವಲ್ಲ. ಮೊಡವೆ ಇರುವವರಿಗೆ ಇದು ಇನ್ನೂ ಮುಖ್ಯ. ತುಟಿಗೆ ಎಸ್‌ಪಿಎಫ್ ಇರುವ ಬಾಮ್ ಹಚ್ಚಿ, ಬೈತಲೆಗೆ ಕೊಡೆ ಸಾಕು. ರಾತ್ರಿ ಇಷ್ಟೆಲ್ಲ ಪದರ ತೆಗೆಯಲು ಮೊದಲು ಕ್ಲೆನ್ಸಿಂಗ್ ಬಾಮ್ ಅಥವಾ ಮೈಸೆಲ್ಲರ್ ನೀರು, ಆಮೇಲೆ ಫೇಸ್‌ವಾಶ್. ಕೆನ್ನೆ ಕೆಂಪಾಗುವ ಹಾಗೆ ಉಜ್ಜಬೇಡಿ. ಬಂಗಿಗೆ ಉಜ್ಜುವುದೂ ಆಗಿಬರುವುದಿಲ್ಲ.

ಮೈಕ್_ಹಿಡಿದವ:

ಒದ್ದೆ ಸ್ಪಂಜನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗಿದರೆ ವಾಸನೆ ಬರುವುದಿಲ್ಲವಾ?

ಬಣ್ಣದಮನೆ_ಮೈಸೂರು:

ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ ಇಟ್ಟರೆ ಒಳಗೆ ಬೂಷ್ಟು ಕೂಡ ಹಿಡಿಯುತ್ತದೆ. ತೂತು ಇರುವ ಸ್ಪಂಜು ಡಬ್ಬಿ ಕಡಿಮೆ ಬೆಲೆಗೆ ಸಿಗುತ್ತದೆ, ಅದರಲ್ಲಿ ಇಡಿ. ಒಣಗಿದ್ದನ್ನೇ ಬ್ಯಾಗಿಗೆ ಹಾಕಿಕೊಂಡು, ಬೇಕಾದಾಗ ಆಫೀಸಿನ ನಲ್ಲಿಯಲ್ಲಿ ಒದ್ದೆ ಮಾಡಿಕೊಳ್ಳುವುದು ಉತ್ತಮ. ಮನೆಗೆ ಬಂದ ಮೇಲೆ ಸೋಪು ಹಾಕಿ, ಬಿಳಿ ನೀರು ಬರುವುದು ನಿಲ್ಲುವವರೆಗೆ ಹಿಂಡಿ ತೊಳೆದು, ಗಾಳಿಯಾಡುವ ಕಡೆ ಒಣಗಿಸಿ. ಎರಡು ಸ್ಪಂಜು ಇಟ್ಟುಕೊಂಡರೆ ಒಂದು ಒಣಗುವಷ್ಟರಲ್ಲಿ ಇನ್ನೊಂದು ಸಿದ್ಧ. ಒಳಗೆ ಕಪ್ಪು ಚುಕ್ಕಿ ಕಂಡರೆ ತೊಳೆಯಲು ಹೋಗಬೇಡಿ, ಎಸೆದುಬಿಡಿ.